ಯಾವುದನ್ನೂ ಖಾಲಿ ಹಿಂದಿರುಗಿಸದ ರೊಸಿಲ್ಡಾ

ನಮ್ಮ ಬುಶೇ ಫಾಲ್ಸ್ ಊರಿನಲ್ಲಿ ರೊಸಿಲ್ಡಾ ಪೆಲ್ಕಿಯ ಮನೆಗೆ ಹೋದ ಪಾತ್ರೆ ಖಾಲಿಯಾಗಿ ವಾಪಸ್ ಬಂದದ್ದನ್ನು ಯಾರೂ ಕಂಡಿಲ್ಲ. ನೀವು ಮಡಕೆಯಲ್ಲಿ ಬೀನ್ಸ್ ಬೇಯಿಸಿ ಕಳಿಸಿದರೆ ಅದೇ ಮಡಕೆಯಲ್ಲಿ ಬೀಟ್‌ರೂಟ್ ಉಪ್ಪಿನಕಾಯಿ ಬರುತ್ತದೆ. ಸೂಪು ಕಳಿಸಿದರೆ ಸೇಬಿನ ಪೈ ಬರುತ್ತದೆ. ಒಮ್ಮೆ ಮನೆಯಲ್ಲಿ ಏನೂ ಇಲ್ಲದ ದಿನ ಪಾದ್ರಿಗಳ ಬಾಣಲೆಯಲ್ಲಿ ಮೂರು ಹಸಿ ಟರ್ನಿಪ್ ಗಡ್ಡೆ ಇಟ್ಟು ಕಳಿಸಿಬಿಟ್ಟಿದ್ದಳು. ಇದೇನಾದರೂ ಸೂಚನೆಯೇ ಎಂದು ಪಾದ್ರಿಗಳು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಖಾಲಿ ಪಾತ್ರೆ ಹಿಂದಿರುಗಿಸಿದರೆ ಕೊಟ್ಟವರ ಮನೆ ಬರಿದಾಗುತ್ತದೆ ಎಂಬುದು ಅವಳ ಅಜ್ಜಿ ಕ್ವಿಬೆಕ್ ಕಡೆಯಿಂದ ಗಡಿ ದಾಟಿ ಮೇಯ್ನ್‌ಗೆ ಬರುವಾಗ ಗಂಟುಮೂಟೆಯ ಜೊತೆ ಹೊತ್ತು ತಂದ ನಂಬಿಕೆ. ಅಜ್ಜಿ ಹೋದಳು, ಗಂಟುಮೂಟೆ ಹೋಯಿತು, ನಂಬಿಕೆ ಉಳಿಯಿತು.

ರೊಸಿಲ್ಡಾ ಹುಡುಗಿಯಾಗಿದ್ದಾಗಲೇ ಊರಿನ ಶೂ ಕಾರ್ಖಾನೆ ಸೇರಿದವಳು. ಅದು ಬಾಗಿಲು ಮುಚ್ಚುವ ತನಕ ಶೂಗಳಿಗೆ ಲೇಸಿನ ಅಡಿಯ ನಾಲಿಗೆ ಹೊಲಿಯುವುದೇ ಅವಳ ಕೆಲಸ. ಊರಿಗೆಲ್ಲ ನಾಲಿಗೆ ಹೊಲಿದವಳು ತನ್ನದೊಂದನ್ನು ಮಾತ್ರ ಒಂದು ದಿನವೂ ಹೊಲಿದುಕೊಳ್ಳಲಿಲ್ಲ. ಗಂಡ ಒವಿಲಾ ಕಾಗದದ ಗಿರಣಿಯಲ್ಲಿ ದುಡಿದು, ಒಂದು ಕಿವಿಯನ್ನು ಅಲ್ಲಿನ ಯಂತ್ರಗಳಿಗೆ ಒಪ್ಪಿಸಿ ನಿವೃತ್ತನಾದವನು. ಇನ್ನೊಂದು ಕಿವಿ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಹೆಂಡತಿಯ ಕಡೆ ತಿರುಗಿಸಿ ಕೂರುವ ಅಭ್ಯಾಸ ಅವನಿಗೆ ಇರಲಿಲ್ಲ.

ಇಬ್ಬರಿಗೂ ಮಕ್ಕಳಾಗಲಿಲ್ಲ. ಅದರ ದುಃಖವನ್ನು ರೊಸಿಲ್ಡಾ ಯಾರ ಮುಂದೆಯೂ ತೋಡಿಕೊಂಡವಳಲ್ಲ. ಮಕ್ಕಳಿಗೆಂದು ಕೂಡಿಟ್ಟ ಪ್ರೀತಿಯನ್ನೆಲ್ಲ ಎದುರು ಮನೆಯ ಜೋಲೀನಳ ಮೇಲೆ ಸುರಿದಳು. ಜೋಲೀನ್ ಎಂದರೆ ಒವಿಲಾನ ಅಕ್ಕ ಲೋರೆಟ್‌ಳ ಮೊಮ್ಮಗಳು. ಅವಳು ಬೆಳೆದದ್ದೇ ರೊಸಿಲ್ಡಾಳ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬದ ಮೇಲೆ ಕೂತು. ಆ ಜೋಲೀನ್ ಕಳೆದ ಚಳಿಗಾಲದಲ್ಲಿ ಹೆತ್ತಳು. ಹೆಣ್ಣು ಮಗು, ಅವಸರಕ್ಕೆ ಬಿದ್ದು ದಿನ ತುಂಬುವ ಮೊದಲೇ ಬಂದದ್ದು. ಆಸ್ಪತ್ರೆಯಿಂದಲೇ ಜೋಲೀನ್ ಫೋನ್ ಮಾಡಿ ಹೇಳಿದ್ದಳು: "ಇವಳಿಗೆ ಮಾರೆನ್ ನೀನೇ."

ಮಾರೆನ್ ಎಂದರೆ ಜ್ಞಾನಸ್ನಾನದ ದಿನ ದೇವರ ಮುಂದೆ ಮಗುವನ್ನು ಎತ್ತಿ ಹಿಡಿದು, 'ಇದು ನನ್ನದೂ ಹೌದು' ಎಂದು ಒಪ್ಪಿಕೊಳ್ಳುವ ಎರಡನೆಯ ತಾಯಿ. ಫೋನ್ ಇಟ್ಟು ರೊಸಿಲ್ಡಾ ಸ್ನಾನದಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಒವಿಲಾ ಹೊರಗೆ ನಿಂತು, "ನಲ್ಲಿ ಸೋರ್ತಾ ಇದೆಯೇನೇ?" ಎಂದು ಕೇಳಿದ.

ಇದು ಲೋರೆಟ್‌ಗೆ ಸರಿಬೀಳಲಿಲ್ಲ. ಅತ್ತಿಗೆ ನಾದಿನಿಯರ ಜಗಳ ಯಾವ ದೇಶದಲ್ಲಿ ಇಲ್ಲ? ಆದರೆ ಇವರದ್ದು ಗಂಡಸರ ವಿಷಯಕ್ಕೂ ಆಸ್ತಿಯ ವಿಷಯಕ್ಕೂ ಅಲ್ಲ, ಧೂಳಿನ ವಿಷಯಕ್ಕೆ. ಲೋರೆಟ್‌ಳ ಮನೆಯೆಂದರೆ ನೊಣವೂ ಕಾಲು ಒರೆಸಿಕೊಂಡು ಒಳಗೆ ಬರಬೇಕು. ರೊಸಿಲ್ಡಾಳ ಮನೆಯಲ್ಲಿ ನೊಣಗಳು ಹೇಗೆ ಬೇಕಾದರೂ ಬರಬಹುದಿತ್ತು, ಬರುತ್ತಲೂ ಇದ್ದವು. "ಮಗೂನ ಎತ್ತೋ ಕೈ ಶುದ್ಧವಾಗಿರ್ಬೇಕಪ್ಪ," ಎಂದು ಲೋರೆಟ್ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವಂತೆ ಗೊಣಗಿದ್ದಳು. ಮಾರೆನ್ ಪಟ್ಟಕ್ಕೆ ಅವಳು ತನ್ನದೇ ಒಬ್ಬ ಸೋದರ ಸಂಬಂಧಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಒಂದು ನೆಪ ಸಿಕ್ಕರೆ ಸಾಕಿತ್ತು.

ಆ ನೆಪ ಸೋಮವಾರ ಹುಟ್ಟಿತು.

ನಮ್ಮ ಕಡೆ ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಿತ್ತೆಂದರೆ ಅಟ್ಟದ ಸಂದಿಗಳಲ್ಲಿ ಮಲಗಿರುವ ದಪ್ಪ ನೊಣಗಳು ವಸಂತ ಬಂತೆಂದು ಮೋಸಹೋಗಿ ಎದ್ದುಬಿಡುತ್ತವೆ. ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಕಿಟಕಿಗೂ ದೀಪಕ್ಕೂ ತಲೆ ಬಡಿದುಕೊಳ್ಳುತ್ತವೆ. ಅವನ್ನು ಹೊಡೆದರೆ ಗೋಡೆಗೆ ಕಲೆ. ಆದ್ದರಿಂದ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯಿಂದ ಸುರ್ರೆಂದು ಎಳೆದುಕೊಳ್ಳುವುದು ಇಲ್ಲಿಯ ಪದ್ಧತಿ. ರೊಸಿಲ್ಡಾಳ ಬಳಿ ವ್ಯಾಕ್ಯೂಮ್ ಇರಲಿಲ್ಲ. ಪೊರಕೆ ಇದ್ದವಳಿಗೆ ಅದು ದಂಡ ಎಂಬುದು ಅವಳ ವಾದ. ಎದುರು ಮನೆಯಲ್ಲಿ ಲೋರೆಟ್‌ಳ ವ್ಯಾಕ್ಯೂಮ್ ಇದ್ದಾಗ ಆ ವಾದಕ್ಕೆ ಬಲ ಜಾಸ್ತಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುತ್ತಾರಲ್ಲ, ಹಾಗೆ ಅದು ವರ್ಷಕ್ಕೆ ಹಲವು ಸಲ ಬೀದಿ ದಾಟುತ್ತಿತ್ತು.

ಸೋಮವಾರ ರೊಸಿಲ್ಡಾ ಮಲಗುವ ಕೋಣೆಯಲ್ಲಿ, ಹಾಸಿಗೆಯ ಮೇಲೆ ಕಾಲುಚೀಲದಲ್ಲಿ ನಿಂತು, ಕೊಳವೆ ಎತ್ತಿ ಹಿಡಿದು ನೊಣ ಬೇಟೆಗೆ ಇಳಿದಳು. ಎಲ್ಲವೂ ಯಂತ್ರದೊಳಗಿನ ಧೂಳಿನ ಚೀಲ ಸೇರಿದವು. ಒಂದು ಹಠಮಾರಿ ಮಾತ್ರ ದೀಪದ ಮೇಲೆ ಕೂತು ಕೈ ಉಜ್ಜುತ್ತಿತ್ತು. ಅದು ಸುರುಳಿ ಸುರುಳಿಯಾದ ಸಿ.ಎಫ್.ಎಲ್. ಬಲ್ಬು. ಓದುವುದಕ್ಕೆ ಬೆಳಕು ಸಾಲದೆಂದು ಒವಿಲಾ ಅದರ ಗಾಜಿನ ಬಟ್ಟಲನ್ನು ಹಿಂದೆಯೇ ಬಿಚ್ಚಿಟ್ಟಿದ್ದ. "ನಿನ್ನ ಸೊಕ್ಕು ನನ್ನ ಹತ್ರಾನಾ?" ಎಂದು ರೊಸಿಲ್ಡಾ ಕೊಳವೆ ಬೀಸಿದಳು. ನೊಣ ಹಾರಿತು. ಬಲ್ಬು ಟಪ್ಪೆಂದು ಒಡೆದು, ಒವಿಲಾ ಬೆಳಿಗ್ಗೆ ಎದ್ದು ಕಾಲಿಡುವ ಕಡೆ, ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ಚೂರುಚೂರಾಗಿ ಬಿತ್ತು.

ಕೈಯಲ್ಲಿ ವ್ಯಾಕ್ಯೂಮ್ ಭೋರೆಂದು ಓಡುತ್ತಿದೆ, ಕಾಲಡಿ ಗಾಜು ಬಿದ್ದಿದೆ. ಇಂಥ ಹೊತ್ತಿನಲ್ಲಿ ಪೊರಕೆ ಹುಡುಕಿಕೊಂಡು ಹೋಗುವವರು ಭೂಮಿಯ ಮೇಲೆ ಯಾರಿದ್ದಾರೆ? ರೊಸಿಲ್ಡಾ ಗಾಜನ್ನೂ ಬಿಳಿ ಪುಡಿಯನ್ನೂ ಕ್ಷಣದಲ್ಲಿ ಎಳೆದುಕೊಂಡಳು. ಚೀಲದಲ್ಲಿ ಇನ್ನೂ ಅರ್ಧ ಜಾಗವಿತ್ತು. ಅರ್ಧ ಜಾಗವಿರುವ ಚೀಲವನ್ನು ಬಿಸಾಡಿದರೆ ಅವಳ ಅಜ್ಜಿ ಗೋರಿಯಿಂದ ಎದ್ದು ಬರುತ್ತಾಳೆ. ವ್ಯಾಕ್ಯೂಮನ್ನು ಹಾಗೇ ಒಯ್ದು ಸಂಜೆಯೊಳಗೆ ಲೋರೆಟ್‌ಗೆ ಒಪ್ಪಿಸಿದಳು. ಲೋರೆಟ್ ಅದರ ಕೊಳವೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ಯಂತ್ರವನ್ನು ಒಳಗೆ ಎಳೆದುಕೊಂಡಳು.

ಗುರುವಾರದ ತನಕ ಗಂಡ ಹೆಂಡತಿ ಕತ್ತಲಲ್ಲೇ ಮಲಗೆದ್ದರು. ಗುರುವಾರ ಒವಿಲಾ ಅಂಗಡಿಯಿಂದ ಹೊಸ ಬಲ್ಬು ತಂದ. ಅದರ ಡಬ್ಬದ ಹಿಂದೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ರೊಸಿಲ್ಡಾ ಗಂಡನ ಭೂತಗನ್ನಡಿ ಹಿಡಿದು ಓದಿದಳು: ಒಳಗೆ ಪಾದರಸವಿದೆ, ಒಡೆದರೆ ಶುಚಿಮಾಡುವ ಮೊದಲು ಈ ನಂಬರಿಗೆ ಫೋನ್ ಮಾಡಿ.

ಅವಳು ಡಬ್ಬ ಹಿಡಿದುಕೊಂಡೇ ಫೋನ್ ಮಾಡಿದಳು. ರಾಜ್ಯದ ಯಾವುದೋ ಕಚೇರಿಯಿಂದ ಒಬ್ಬ ತಾಳ್ಮೆಯ ಹೆಂಗಸು ಮಾತಾಡಿದಳು.

"ಗಾಬರಿ ಏನಿಲ್ಲ ಮೇಡಂ. ಒಂದು ಬಲ್ಬಲ್ಲಿ ಇರೋದು ಪೆನ್ನಿನ ಮೊನೆಯಷ್ಟು. ಆದ್ರೆ ಅದು ಆವಿಯಾಗಿ ಗಾಳಿಗೆ ಸೇರುತ್ತೆ, ಅದಕ್ಕೇ ಹುಷಾರಾಗಿರ್ಬೇಕು. ಕಿಟಕಿ ತೆಗೆದು, ಹತ್ತು ನಿಮಿಷ ಎಲ್ಲರೂ ಕೋಣೆಯಿಂದ ಹೊರಗಿರಿ. ಚೂರುಗಳನ್ನ ಗಟ್ಟಿ ಕಾಗದದಲ್ಲಿ ಬಳಿದು, ಪುಡೀನ ಟೇಪಿಗೆ ಅಂಟಿಸಿ ತೆಗೀರಿ. ಮುಚ್ಚಳ ಇರೋ ಗಾಜಿನ ಜಾಡಿಗೆ ಹಾಕಿ ಮನೆ ಹೊರಗಿಡಿ. ವ್ಯಾಕ್ಯೂಮ್ ಮಾತ್ರ ಬಳಸ್ಲೇಬೇಡಿ, ಅದು ಪಾದರಸಾನ ಮನೆಯೆಲ್ಲ ಎರಚಿಬಿಡುತ್ತೆ."

ರೊಸಿಲ್ಡಾ ದನಿ ತಗ್ಗಿಸಿದಳು. "ಬಳಸಿದ್ರೆ?"

"ಬಳಸಿದ್ರಾ?"

"ನಾನಲ್ಲಪ್ಪ! ನನ್ನ ಪರಿಚಯದವಳೊಬ್ಳು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಸರಿ, ನಿಮ್ಮ ಪರಿಚಯದವರಿಗೆ ಹೇಳಿ, ಆ ಮೆಷಿನ್‌ನ ಹೊರಗೆ ಒಯ್ದು, ಕೈಗವಸು ಹಾಕ್ಕೊಂಡು ಚೀಲ ತೆಗೆದು, ಭದ್ರವಾಗಿ ಮುಚ್ಚಿಡ್ಬೇಕು. ಕೊಳವೇನ ಒದ್ದೆ ಕಾಗದದಲ್ಲಿ ಒರೆಸ್ಬೇಕು. ನೆಲಕ್ಕೆ ಕಂಬಳಿ ಇದ್ರೆ, ಬಿದ್ದ ಜಾಗದಷ್ಟು ಕತ್ತರಿಸಿ ತೆಗೆದ್ರೆ ಇನ್ನೂ ಒಳ್ಳೇದು."

"ಆ ಪರಿಚಯದವಳು ಮೆಷಿನ್‌ನ ಅದರ ಯಜಮಾನಿಗೆ ವಾಪಸ್ ಕೊಟ್ಬಿಟ್ಟಿದ್ರೆ?"

"ಯಜಮಾನಿಗೆ ಹೇಳ್ಬೇಕಾಗುತ್ತೆ ಮೇಡಂ."

"ಹೇಳ್ದೆ ಇರೋಕೆ ಏನಾದ್ರೂ ಉಪಾಯ ಇದೆಯಾ?"

"ಅವರ ಮನೇಲಿ ಎಳೆ ಮಕ್ಕಳು ಯಾರಾದ್ರೂ ಇದ್ದಾರಾ? ಅಂಥವರಿಗೇ ಇದು ಹೆಚ್ಚು ಅಪಾಯ."

ಇರಲಿಲ್ಲ. ಶನಿವಾರ ಮಗು ಬರುತ್ತಿತ್ತು. ಜೋಲೀನಳ ಗಂಡ ಮರ ಕಡಿಯುವವರ ಜೊತೆ ಕಾಡಿನಲ್ಲಿದ್ದ. ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ನೇರ ಲೋರೆಟ್‌ಳ ಮನೆಯ ಮಹಡಿಗೆ ಬರುವುದೆಂದು ಆಗಿತ್ತು. ಮಗು ಬರುವ ಹಿಂದಿನ ದಿನ ಲೋರೆಟ್ ಆ ಕೋಣೆಯನ್ನು ವ್ಯಾಕ್ಯೂಮ್ ಹಾಕಿ ಉಜ್ಜದೆ ಬಿಡುತ್ತಾಳೆಯೇ? ರೊಸಿಲ್ಡಾಳ ಕಣ್ಣಮುಂದೆ ಆ ಯಂತ್ರ ಮಹಡಿಯ ಮೆಟ್ಟಿಲೇರಿ, ತೊಟ್ಟಿಲಿನ ಕೆಳಗೆ ಬುಸುಗುಟ್ಟತೊಡಗಿತು.

"ಪಾದರಸಾನಾ?" ಎಂದ ಒವಿಲಾ, ಎಲ್ಲ ಕೇಳಿಸಿಕೊಂಡು. "ಸ್ಕೂಲಲ್ಲಿ ನಾವು ಅದನ್ನ ಅಂಗೈ ಮೇಲೆ ಉರುಳಾಡಿಸ್ತಿದ್ವಿ. ನಾಣ್ಯಕ್ಕೆ ಉಜ್ಜಿ ಪಳಪಳ ಮಾಡ್ತಿದ್ವಿ. ನನಗೇನಾಯ್ತು?"

ರೊಸಿಲ್ಡಾ ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. "ಅದನ್ನೇ ನೋಡ್ತಾ ಇದೀನಿ."

ಮೊದಲು ತನ್ನ ಮನೆಯ ಕೆಲಸ ಮುಗಿಸಬೇಕಿತ್ತು. ಕಿಟಕಿ ತೆಗೆಯುವುದೆಂದರೆ ನಮ್ಮೂರಲ್ಲಿ ಸುಲಭದ ಮಾತಲ್ಲ. ಅಕ್ಟೋಬರಿನಲ್ಲಿ ಒವಿಲಾ, ಚಳಿ ನುಗ್ಗದಂತೆ, ಪ್ರತಿ ಕಿಟಕಿಗೂ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ, ಡೋಲಿನ ಚರ್ಮದಂತೆ ಬಿಗಿದಿರುತ್ತಾನೆ. ಅದು ಕಳಚುವುದು ಏಪ್ರಿಲಿನಲ್ಲಿ. ರೊಸಿಲ್ಡಾ ಚಾಕು ಹಾಕಿ ಅದನ್ನು ಸರ್ರೆಂದು ಸೀಳಿದಾಗ ಒವಿಲಾ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ನಾಲ್ಕು ದಿನದ ಬಿಸಿಲು ಮುಗಿದು ಮತ್ತೆ ಸೊನ್ನೆಗಿಂತ ಕೆಳಗಿನ ಚಳಿ ಬಂದಿತ್ತು. ಕೋಣೆಯಲ್ಲಿದ್ದ ಲೋಟದ ನೀರು ಅಲ್ಲೇ ಗಡ್ಡೆ ಕಟ್ಟಿತು.

"ಎಣ್ಣೆ ಒಲೆಯ ಶಾಖವೆಲ್ಲ ಕೆನಡಾ ಕಡೆ ಹೋಗ್ತಾ ಇದೆ," ಎಂದ ಒವಿಲಾ.

"ಹೋಗ್ಲಿ. ಅಲ್ಲೂ ನಮ್ಮೋರೇ ಇರೋದು."

ಆಮೇಲೆ ಅವಳು ಶೂ ಕಾರ್ಖಾನೆಯ ಹಳೆಯ ಕತ್ತರಿ ತಂದು, ಬಲ್ಬು ಬಿದ್ದ ಕಡೆ ನೆಲದ ಕಂಬಳಿಯನ್ನು ದೋಸೆಯಷ್ಟಗಲ ದುಂಡಗೆ ಕತ್ತರಿಸಿ ತೆಗೆದಳು. "ನನ್ನ ಕಾಲು ಇಳಿಯೋ ಜಾಗಾನೇ ಬೇಕಿತ್ತಾ?" ಎಂದು ಒವಿಲಾ ಕೇಳಿದ್ದಕ್ಕೆ, "ಬಲ್ಬನ್ನ ಕೇಳು," ಎಂದಳು.

ಇನ್ನುಳಿದದ್ದು ಎದುರು ಮನೆ. ಹೇಳಿದರೆ ಮಾರೆನ್ ಪಟ್ಟ ಹೋಯಿತು. ಮಗು ಮನೆ ಸೇರುವ ಮೊದಲೇ ಅದರ ಕೋಣೆಗೆ ವಿಷ ಕಳಿಸಿದವಳು ಎಂದು ಲೋರೆಟ್ ಚರ್ಚಿನ ಗಂಟೆಗಿಂತ ಜೋರಾಗಿ ಸಾರುತ್ತಾಳೆ. ಹೇಳದಿದ್ದರೆ ಮಗುವಿಗೆ ಅಪಾಯ. ಮೂರನೆಯ ದಾರಿಯೊಂದು ಇರಲೇಬೇಕೆಂದು ರೊಸಿಲ್ಡಾ ಹಟ ಹಿಡಿದಳು. ವ್ಯಾಕ್ಯೂಮನ್ನು ಇನ್ನೊಂದು ಸಲ ಎರವಲು ತಂದು, ಚೀಲ ತೆಗೆದು, ಒರೆಸಿ ಕೊಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತದೆ? ಫೋನ್ ಮಾಡಿದಳು.

"ಲೋರೆಟ್, ನೊಣ ಮತ್ತೆ ಬಂದಿದೆ ಕಣೇ. ವ್ಯಾಕ್ಯೂಮ್ ಒಂಚೂರು ಕೊಡ್ತೀಯಾ?"

"ಹೊರಗೆ ನೋಡಿದ್ಯಾ? ಕಾಗೆ ಮರದಲ್ಲೇ ಮರಗಟ್ಟೋ ಚಳಿ. ನೊಣ ಎಲ್ಲಿಂದ ಬಂತು?"

"ಇವು ಗಟ್ಟಿ ನೊಣ."

"ನಿಮ್ಮನೇಲಿ ಗಟ್ಟಿಯಾಗಿರ್ದೆ ಇನ್ನೇನು, ಅಷ್ಟು ಚೆನ್ನಾಗಿ ಸಾಕಿದೀಯ. ಆಗಲ್ಲ. ನಾಳೆ ಬೆಳಿಗ್ಗೆ ನಾನು ಮಗು ಕೋಣೆ ಮಾಡ್ಬೇಕು."

ಅಂದರೆ ಇದ್ದದ್ದು ಒಂದೇ ಸಂಜೆ. ರೊಸಿಲ್ಡಾ ಗಂಡನ ಒಳ್ಳೆಯ ಕಿವಿಗೆ ಬಾಯಿಟ್ಟು ಹೇಳಿದಳು: "ಹೋಗು. ಚಕ್ರ ಕೀಚ್ ಅನ್ನುತ್ತೆ, ರಿಪೇರಿ ಮಾಡ್ಕೊಡ್ತೀನಿ ಅಂತ ಹೇಳಿ ಆ ವ್ಯಾಕ್ಯೂಮ್ ಎತ್ಕೊಂಡು ಬಾ. ಬೇರೆ ಒಂದು ಮಾತೂ ಆಡ್ಬೇಡ."

ಒವಿಲಾ ಹೋದ. ಬಹಳ ಹೊತ್ತಾದ ಮೇಲೆ ತುಟಿಯ ಮೇಲೆ ಪೈಯ ಚೂರು ಅಂಟಿಸಿಕೊಂಡು, ಕೈಯಲ್ಲಿ ಅರ್ಧ ಹಂದಿಮಾಂಸದ ಪೈ ಇದ್ದ ತಟ್ಟೆ ಹಿಡಿದುಕೊಂಡು ಬಂದ. ವ್ಯಾಕ್ಯೂಮ್ ಇರಲಿಲ್ಲ.

"ಎಲ್ಲಿ?"

"ಏನೆಲ್ಲಿ? ರಿಪೇರಿ ಮಾಡೇ ಬಂದೆ. ಚಕ್ರಕ್ಕೆ ಎಣ್ಣೆ ಬಿಟ್ಟೆ. ಈಗ ಬೆಣ್ಣೆ ಥರ ಓಡುತ್ತೆ, ಮಹಡಿಗೆ ಎತ್ಕೊಂಡು ಹೋಗೋದೇ ಬೇಡ, ತಾನೇ ಹತ್ತುತ್ತೆ. ಅಕ್ಕನಿಗೆ ಎಷ್ಟು ಖುಷಿಯಾಯ್ತು ಗೊತ್ತಾ?"

ರೊಸಿಲ್ಡಾ ಹಣೆ ಹಣೆ ಬಡಿದುಕೊಂಡಳು. "ಸಂತ ಅನ್ನಮ್ಮ, ಈ ಗಂಡಸಿನ ಇನ್ನೊಂದು ಕಿವೀನೂ ಗಿರಣಿಯೋರು ಯಾಕೆ ಬಿಟ್ಟು ಕಳಿಸಿದ್ರು?"

ಬೆಳಿಗ್ಗೆ ಎದ್ದವಳೇ ಕೋಟು ಹಾಕಿಕೊಂಡಳು. ಲೋರೆಟ್‌ಳ ಪೈ ತಟ್ಟೆ ತೊಳೆದಿಟ್ಟಿತ್ತು. ತನ್ನ ಮರ್ಯಾದೆ ತಾನೇ ಕಳೆದುಕೊಳ್ಳಲು ಹೊರಟವಳಾದರೂ ತಟ್ಟೆಯನ್ನು ಖಾಲಿ ಒಯ್ಯಲು ಕೈ ಬರಲಿಲ್ಲ. ಸಕ್ಕರೆ ಉದುರಿಸಿದ ಆರು ಡೋನಟ್ ಜೋಡಿಸಿ, ಹಿಮ ತುಳಿದುಕೊಂಡು ಬೀದಿ ದಾಟಿದಳು.

ಲೋರೆಟ್ ತಲೆಗೆ ಬಟ್ಟೆ ಕಟ್ಟಿ, ರಬ್ಬರ್ ಗವಸು ತೊಟ್ಟು, ಮಹಡಿಯ ಮೆಟ್ಟಿಲ ಬುಡದಲ್ಲಿ ಯುದ್ಧಕ್ಕೆ ಸಿದ್ಧಳಾಗಿ ನಿಂತಿದ್ದಳು. ಪಕ್ಕದಲ್ಲಿ ವ್ಯಾಕ್ಯೂಮ್. ರೊಸಿಲ್ಡಾ ಡೋನಟ್ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, ನೇರ ಹೋಗಿ ವ್ಯಾಕ್ಯೂಮಿನ ಮೇಲೆ ಕೂತುಬಿಟ್ಟಳು.

"ಏಳು," ಎಂದಳು ಲೋರೆಟ್.

"ಏಳಲ್ಲ."

"ಕುರ್ಚಿ ಇದೆಯಲ್ಲ ಮಾರಾಯ್ತಿ."

"ಕುರ್ಚಿ ಮಹಡಿಗೆ ಹೋಗಲ್ಲ. ಇದು ಹೋಗುತ್ತೆ, ಅದಕ್ಕೇ ಕೂತಿದೀನಿ. ನನ್ನ ಮಾತು ಮುಗಿಯೋ ತನಕ ಬಾಯಿ ಹಾಕ್ಬೇಡ. ಹಾಕಿದ್ರೆ ನನಗೆ ಮುಂದೆ ಹೇಳಕ್ಕಾಗಲ್ಲ." ಹೀಗೆ ಶುರುಮಾಡಿ ನೊಣ, ಬಲ್ಬು, ಗಾಜು, ಪುಡಿ, ಡಬ್ಬದ ಮೇಲಿನ ಸಣ್ಣ ಅಕ್ಷರ, ಫೋನಿನ ಹೆಂಗಸು, ಗಟ್ಟಿ ನೊಣದ ಸುಳ್ಳು, ಒವಿಲಾನ ಎಣ್ಣೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಮಾರೆನ್ ಆಗೋದು ಬೇಡ ಅಂದ್ರೆ ಬೇಡ. ನಾನೇ ಜೋಲೀನ್‌ಗೆ ಹೇಳ್ತೀನಿ. ನಿನ್ನ ಸಂಬಂಧದೋಳೇ ಎತ್ಕೊಳ್ಳಲಿ. ಆದ್ರೆ ಇದನ್ನ ಆ ಕೋಣೆಗೆ ಒಯ್ಬೇಡ. ಕಾಲು ಹಿಡ್ಕೋತೀನಿ, ಲೋರೆಟ್." ಶೂ ಕಾರ್ಖಾನೆ ಮುಚ್ಚಿದ ದಿನವೂ ಜನರ ಮುಂದೆ ಅಳದವಳು ನಾದಿನಿಯ ಮುಂದೆ ಗೊಳೋ ಎಂದು ಅತ್ತಳು.

ಲೋರೆಟ್ ಗವಸು ತೊಟ್ಟ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಯಾವತ್ತು?"

"ಸೋಮವಾರ. ನಿನಗೆ ಕೊಟ್ಟೆನಲ್ಲ, ಅವತ್ತೇ."

"ಎಲ್ಲಾ ಚೀಲದಲ್ಲೇ ಇತ್ತಾ?"

"ಚೀಲದಲ್ಲೇ."

ಲೋರೆಟ್‌ಳ ಮುಖದಲ್ಲಿ ಏನೋ ಕದಲಿತು. ಬೈಗುಳ ಬರುತ್ತದೆಂದು ರೊಸಿಲ್ಡಾ ಕಣ್ಣು ಮುಚ್ಚಿಕೊಂಡಳು. ಬಂದದ್ದು ನಗು. ಲೋರೆಟ್ ಮೆಟ್ಟಿಲ ಮೇಲೆ ಕುಸಿದು ಕೂತು, ಪಕ್ಕೆ ಹಿಡಿದುಕೊಂಡು ನಕ್ಕಳು.

"ಆ ಚೀಲ ಇದರಲ್ಲಿ ಇಲ್ಲ ಕಣೇ. ನೀನು ಬೆನ್ನು ತಿರುಗಿಸಿದ ತಕ್ಷಣ ಹೊರಗೆ ವರಾಂಡಕ್ಕೆ ಒಯ್ದು, ಗವಸು ಹಾಕ್ಕೊಂಡು, ಉಸಿರು ಬಿಗಿಹಿಡಿದು ತೆಗೆದೆ. ಬೂದಿ ಹಾಕೋ ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳ ಬಡಿದು ಶೆಡ್ಡಲ್ಲಿಟ್ಟಿದೀನಿ. ಆಮೇಲೆ ಇದನ್ನ ಒಂದು ಸಲಾನೂ ಓಡ್ಸಿಲ್ಲ."

"ಬಲ್ಬು ಒಡೆದಿದ್ದು ನಿನಗೆ ಹೇಗೆ ಗೊತ್ತಾಯ್ತು?"

"ಬಲ್ಬಾ? ಯಾವನಿಗೆ ಗೊತ್ತಿತ್ತು ಬಲ್ಬು? ನೀನು ತಂದುಕೊಟ್ಟಾಗೆಲ್ಲ ಹಾಗೇ ಮಾಡ್ತೀನಿ. ಮೊದಲನೇ ಸಲ ಒಯ್ದೆಯಲ್ಲ, ಅವತ್ತಿಂದ. ನಿನ್ನ ಮನೆ ಧೂಳು ನನ್ನ ಮನೆಯೊಳಗೆ ಯಾಕೆ ಬೇಕು?"

ರೊಸಿಲ್ಡಾಳಿಗೆ ಒಂದೇ ಕ್ಷಣದಲ್ಲಿ ಎರಡು ಆಯಿತು. ಮಗು ಉಳಿಯಿತು ಎಂದು ಮೈಯೆಲ್ಲ ಹಗುರಾಯಿತು. ಇಷ್ಟು ವರ್ಷ ಈ ಹೆಂಗಸು ನನ್ನ ಧೂಳಿಗೆ ಉಸಿರು ಬಿಗಿಹಿಡಿದಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಎದ್ದು ಹೋಗಿ ನಾದಿನಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟು, "ನಿನ್ನಂಥ ಸೊಕ್ಕಿನ ಮುದುಕಿ ಇಡೀ ಜಿಲ್ಲೇಲಿ ಇಲ್ಲ," ಎಂದಳು.

"ಪಾತ್ರೆ ಖಾಲಿ ಕೊಡಬಾರ್ದು ಅನ್ನೋದು ಸರಿಯಮ್ಮ. ಯಾರಾದ್ರೂ ವ್ಯಾಕ್ಯೂಮನ್ನೂ ತುಂಬಿಸಿ ಕೊಡ್ತಾರಾ?"

"ಅರ್ಧ ಜಾಗ ಇತ್ತು!"

"ಫೋನಿನ ಹೆಂಗಸು ಏನೇನು ಮಾಡು ಅಂದ್ಳು ಅಂದೆ? ಇನ್ನೊಂದು ಸಲ ಹೇಳು."

ರೊಸಿಲ್ಡಾ ಹೇಳಿದಳು: ಹೊರಗೆ ಒಯ್ಯಬೇಕು, ಗವಸು ಹಾಕಬೇಕು, ಭದ್ರವಾಗಿ ಮುಚ್ಚಬೇಕು. ಪ್ರತಿ ಮಾತಿಗೂ ಲೋರೆಟ್ ರಾಣಿಯ ಹಾಗೆ ತಲೆದೂಗಿದಳು. ಸರಕಾರವೇ ತನ್ನನ್ನು ನೋಡಿ ಕಲಿತಿದೆ ಎಂದು ಆಮೇಲೆ ಅವಳು ಊರೆಲ್ಲ ಹೇಳಿಕೊಂಡು ತಿರುಗಿದ್ದು ಬೇರೆ ಮಾತು.

ಇಬ್ಬರೂ ಕೋಟು ತೊಟ್ಟು ವರಾಂಡಕ್ಕೆ ಹೋದರು. ಒದ್ದೆ ಕಾಗದದಲ್ಲಿ ಕೊಳವೆ ಒರೆಸಬೇಕಿತ್ತು. ಕಾಗದ ಒರೆಸುವ ಮೊದಲೇ ಕೊಳವೆಗೆ ಮರಗಟ್ಟಿ ಅಂಟಿಕೊಳ್ಳುತ್ತಿತ್ತು. ಒಬ್ಬಳು ಬಿಸಿನೀರು ತರುವುದು, ಇನ್ನೊಬ್ಬಳು ಒರೆಸುವುದು, ಇಬ್ಬರೂ ಬೈದುಕೊಳ್ಳುವುದು. ಎದುರು ಮನೆಯ ಕಿಟಕಿಯಿಂದ ಒವಿಲಾ ಇದನ್ನು ನೋಡಿ, ಜಗಳ ಕೈಗೆ ಹತ್ತಿತೆಂದು ಭಾವಿಸಿ ಪರದೆ ಎಳೆದುಕೊಂಡ. ಯಂತ್ರವನ್ನು ಆ ಚಳಿಗಾಲ ಮುಗಿಯುವ ತನಕ ಶೆಡ್ಡಿನಲ್ಲೇ ಇಡುವುದೆಂದು ತೀರ್ಮಾನವಾಯಿತು. ಮಗುವಿನ ಕೋಣೆಯನ್ನು ಇಬ್ಬರೂ ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮಂಚದ ಕೆಳಗೆ ಒರೆಸುವಾಗ ಲೋರೆಟ್ ಇದ್ದಕ್ಕಿದ್ದಂತೆ, ಮುಖ ತೋರಿಸದೆ ಹೇಳಿದಳು:

"ನಾನಾಗಿದ್ರೆ ಹೇಳ್ತಿರ್ಲಿಲ್ಲ ಕಣೇ."

ರೊಸಿಲ್ಡಾಳ ಕೈ ನಿಂತಿತು.

"ನಿನ್ನ ಸಾಮಾನಿಗೆ ನಾನು ಹೀಗೆ ಮಾಡಿದ್ರೆ ಸತ್ರೂ ನಿನ್ನ ಬಾಗಿಲಿಗೆ ಬರ್ತಿರ್ಲಿಲ್ಲ. ಮಾರೆನ್ ನೀನೇ. ಇನ್ನು ಆ ಮೂಲೆ ಸರಿಯಾಗಿ ಒರೆಸು, ಬಟ್ಟೆ ಸವರಿದ್ರೆ ಸಾಲದು."

ಕೊನೆಗೆ ಚೀಲದ ಕೆಲಸ ಉಳಿದಿತ್ತು. ಲೋರೆಟ್ ಕಪಾಟಿನ ಹಿಂದಿನಿಂದ ಕೊಡದಷ್ಟು ದೊಡ್ಡ ಗಾಜಿನ ಜಾಡಿ ತೆಗೆದಳು. ರೊಸಿಲ್ಡಾ ನೋಡಿದಳು, ಗುರುತು ಹಿಡಿದಳು. ಎಷ್ಟೋ ವರ್ಷದ ಹಿಂದೆ ಸೌತೆಕಾಯಿ ಉಪ್ಪಿನಕಾಯಿ ತುಂಬಿ ಕಳಿಸಿದ್ದ ತನ್ನದೇ ಜಾಡಿ.

"ಇದು ನಂದಲ್ವಾ? ವಾಪಸ್ ಕೊಡ್ಲೇ ಇಲ್ಲ!"

"ಖಾಲಿ ಕೊಡೋ ಹಾಗಿಲ್ವಲ್ಲ. ತುಂಬಿಸೋ ಅಂಥದ್ದು ಏನೂ ಹೊಳೀಲಿಲ್ಲ." ಲೋರೆಟ್ ಶೆಡ್ಡಿಗೆ ಹೋಗಿ, ತಗಡಿನ ಡಬ್ಬದಿಂದ ಚೀಲವನ್ನು ಮೆಲ್ಲಗೆ ಜಾಡಿಗೆ ಇಳಿಸಿ, ಮುಚ್ಚಳ ತಿರುಗಿಸಿ, ಎರಡೂ ಕೈಯಲ್ಲಿ ಒಪ್ಪಿಸಿದಳು. "ತಗೋ. ಈಗ ತುಂಬಿದೆ."

ಬಲ್ಬು, ಬ್ಯಾಟರಿಗಳನ್ನು ಊರಿನ ಕಸದ ಅಂಗಳದವರು ತೆಗೆದುಕೊಳ್ಳುವುದು ಮೇ ತಿಂಗಳಲ್ಲಿ. ಅಲ್ಲಿಯ ತನಕ ಜಾಡಿ, ದುಂಡಗೆ ಕತ್ತರಿಸಿದ ಕಂಬಳಿಯ ಜೊತೆ, ರೊಸಿಲ್ಡಾಳ ಹಿತ್ತಿಲ ಶೆಡ್ಡಿನಲ್ಲಿ ಕೂತಿತ್ತು. ಉಪ್ಪಿನಕಾಯಿ ಎಂದು ಯಾರೂ ಮೋಸಹೋಗದಿರಲಿ ಎಂದು ಒವಿಲಾ ಅದರ ಮೇಲೆ ತಲೆಬುರುಡೆಯ ಚಿತ್ರ ಬರೆದ. ಅದು ಬಹಳ ಮಟ್ಟಿಗೆ ಲೋರೆಟ್‌ಳ ಹಾಗೆ ಬಂದಿತ್ತು.

ಜ್ಞಾನಸ್ನಾನದ ಭಾನುವಾರ ಚರ್ಚು ತುಂಬಿತ್ತು. ರೊಸಿಲ್ಡಾ ಮದುವೆಗಳಿಗೆ ಮಾತ್ರ ಹೊರಬರುವ ನೀಲಿ ಉಡುಪು ತೊಟ್ಟಿದ್ದಳು. ಜೋಲೀನ್ ಮಗುವನ್ನು ಅವಳ ಕೈಗೆ ಕೊಡುವಷ್ಟರಲ್ಲಿ ಲೋರೆಟ್ ನಡುವೆ ಬಂದಳು.

"ಕೈ ತೊಳೆದ್ಯಾ?"

"ತೊಳೆದೆ."

"ಇನ್ನೊಂದು ಸಲ."

ಅಕ್ಕಪಕ್ಕದ ಬೆಂಚಿನವರು ಉಸಿರು ಬಿಗಿಹಿಡಿದರು. ಹಿಂದಿನ ರೊಸಿಲ್ಡಾ ಆಗಿದ್ದರೆ ಪಾದ್ರಿಗಳೂ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಅವಳು ಒಂದು ಮಾತೂ ಆಡದೆ ಹಿಂದಿನ ಕೋಣೆಗೆ ಹೋಗಿ, ಸೋಪು ಹಾಕಿ ಮೊಣಕೈಯವರೆಗೆ ತೊಳೆದು, ಕೈ ಚಾಚಿಕೊಂಡು ಬಂದಳು. ಲೋರೆಟ್ ಆ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಗುವನ್ನು ತಾನೇ ಎತ್ತಿ ಅವುಗಳಲ್ಲಿ ಇಟ್ಟಳು.

ಮಗು ಒಂದು ಬ್ರೆಡ್ಡಿನಷ್ಟೇ ಭಾರವಿತ್ತು. ನೀರು ತಲೆಗೆ ಬಿದ್ದಾಗ ಅಳಲಿಲ್ಲ. ಕಣ್ಣು ಬಿಟ್ಟು ರೊಸಿಲ್ಡಾಳನ್ನೇ ನೋಡಿತು. ಇಷ್ಟು ವರ್ಷ ಬರಿದಾಗಿದ್ದ ಮಡಿಲು ಆ ಹೊತ್ತು ತುಂಬಿತ್ತು, ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಪ್ರಾರ್ಥನೆ ಮುಗಿಯುವ ತನಕ ಯಾರು ಕೇಳಿದರೂ ಕೊಡಲಿಲ್ಲ. ಕೊನೆಯ ಹಾಡು ಮುಗಿಯುತ್ತಿದ್ದಂತೆ ಮಾತ್ರ ಅವಳ ಮುಖದಲ್ಲಿ ಏನೋ ಬದಲಾಯಿತು. ಮೂಗು ಸ್ವಲ್ಪ ಅರಳಿತು. ಅವಳು ಬಹಳ ಮೆತ್ತಗೆ ಮಗುವನ್ನು ಲೋರೆಟ್‌ಳ ಕೈಗೆ ದಾಟಿಸಿದಳು.

ಲೋರೆಟ್ ಎತ್ತಿಕೊಂಡಳು, ಡೈಪರಿನ ಕೆಳಗೆ ಕೈ ಕೊಟ್ಟು ನೋಡಿದಳು, ಬೆಚ್ಚಿದಳು. "ಏನೇ ಇದು? ತುಂಬಿಸಿ ಕೊಡ್ತಾ ಇದೀಯ!"

"ಮತ್ತೆ?" ಎಂದಳು ರೊಸಿಲ್ಡಾ, ನೀಲಿ ಉಡುಪಿನ ತೋಳು ಸರಿಪಡಿಸಿಕೊಳ್ಳುತ್ತ. "ನಾನು ಯಾವತ್ತಾದ್ರೂ ಖಾಲಿ ವಾಪಸ್ ಕೊಟ್ಟಿದ್ದು ಇದೆಯಾ?"